‘ತ್ವಚೆ’ ಯಾರ ಮೈಮೇಲಿದೆ?

ನಮ್ಮ ಮನೇಲಿ ಯಾರಿಗೂ ತ್ವಚೆ ಇರಲಿಲ್ಲ. ಚರ್ಮ ಇತ್ತು, ಮೈ ಇತ್ತು, ಸಿಟ್ಟಿನ ಬೈಗುಳದಲ್ಲಿ ತೊಗಲೂ ಇತ್ತು. ಚಳಿಗಾಲ ಬಂದರೆ ಮೈ ಒಡೀತಿತ್ತು, ತುಟಿ ಬಿರೀತಿತ್ತು, ಹಿಮ್ಮಡಿ ಸೀಳ್ತಿತ್ತು. ಮೊಣಕಾಲ ಕೆಳಗೆ ಉಗುರಿನಿಂದ ಗೀರಿದರೆ ಪಾಟಿಯ ಮೇಲೆ ಬಳಪದಿಂದ ಬರೆದ ಹಾಗೆ ಬಿಳಿ ಗೆರೆ ಮೂಡ್ತಿತ್ತು. ತ್ವಚೆ ಅನ್ನೋ ಪದವನ್ನ ನಾನು ಓದಿದ್ದು ವಾರಪತ್ರಿಕೆಯ ಸೌಂದರ್ಯ ಪುಟದಲ್ಲಿ, ಆಮೇಲೆ ಕೇಳಿದ್ದು ಟಿವಿ ಜಾಹೀರಾತಿನಲ್ಲಿ. ಇವತ್ತಿಗೂ ಅದು ಆ ಎರಡು ಜಾಗ ಬಿಟ್ಟು ಹೆಚ್ಚು ದೂರ ಬಂದಿಲ್ಲ. ಡಾಕ್ಟರ ಮುಂದೆ ಕೂತು ‘ಸರ್, ನನ್ನ ತ್ವಚೆ ನವೆಯಾಗ್ತಿದೆ’ ಅಂದವರನ್ನ ನಾನಂತೂ ಕಂಡಿಲ್ಲ.

ಇದು ಸಂಸ್ಕೃತ ಪದ, ಅದಕ್ಕೇ ದೂರ ಅನ್ನೋ ಹಾಗಿಲ್ಲ. ‘ಚರ್ಮ’ವೂ ಸಂಸ್ಕೃತದ್ದೇ. ಆದರೆ ಚರ್ಮ ಅಂದ ತಕ್ಷಣ ಚಪ್ಪಲಿ, ಹಲಗೆ, ಬಾರುಕೋಲು, ಹದ ಮಾಡುವ ಗುಂಡಿ ಎಲ್ಲ ನೆನಪಾಗುತ್ತೆ. ಅದನ್ನ ಹದ ಮಾಡುವವರ ಜಾತಿಯೂ ನೆನಪಾಗುತ್ತೆ. ಹದಿನೈದು ಸಾವಿರದ ಸೀರೆ ಉಟ್ಟ ರೂಪದರ್ಶಿಯ ಕೆನ್ನೆಗೆ ಆ ಪದ ಅಂಟಬಾರದು ಅಂತಲೇ ತ್ವಚೆಯನ್ನ ತಂದು ಕೂರಿಸಿದ್ದಾರೆ ಅನ್ನೋದು ನನ್ನ ಗುಮಾನಿ. ತಮಾಷೆ ಅಂದರೆ, ಒಣಗಿದ ಚರ್ಮಕ್ಕೆ ಏನು ಬೇಕು ಅನ್ನೋದು ಹದ ಮಾಡುವವರಿಗೆ ಮೊದಲಿಂದಲೂ ಗೊತ್ತು. ಒದ್ದೆಯಾಗಿ ಒಣಗಿದ ತೊಗಲು ಸೆಟೆದು ಬಿರಿಯುತ್ತೆ, ಅದಕ್ಕೆ ಎಣ್ಣೆಯೋ ಕೊಬ್ಬೋ ಊಡಿಸಬೇಕು. ಸೌಂದರ್ಯ ಪುಟಗಳು ಇಷ್ಟು ವರ್ಷದಿಂದ ಹೇಳಲಾರದೆ ತೊದಲುತ್ತಿರೋದು ಹೆಚ್ಚುಕಡಿಮೆ ಇದನ್ನೇ.

ಒಣ, ಸೂಕ್ಷ್ಮ ಚರ್ಮದವರಿಗೆ ಅಂತ ಬರೆಯುವ ‘ದಿನಚರಿ’ ಈಗ ಒಂದು ಬರವಣಿಗೆಯ ಪ್ರಕಾರವೇ ಆಗಿದೆ. ಪತ್ರಿಕೆಯ ಪುರವಣಿ, ಕ್ರೀಮಿನ ಡಬ್ಬಿಯ ಹಿಂಬದಿ, ಮೊಬೈಲಿನ ಒಂದು ನಿಮಿಷದ ವಿಡಿಯೋ, ಎಲ್ಲದರಲ್ಲೂ ಅದೇ ಇದೆ. ಒಂದು ಕವನ ಸಂಕಲನ ಬಂದರೆ ನಾಲ್ಕು ಜನ ವಿಮರ್ಶೆ ಬರೀತಾರೆ. ಲಕ್ಷಾಂತರ ಜನ ಓದಿ, ನಂಬಿ, ಮೈಗೆ ಹಚ್ಚಿಕೊಳ್ಳುವ ಈ ಪ್ರಕಾರಕ್ಕೆ ವಿಮರ್ಶಕರಿಲ್ಲ. ಹುಟ್ಟಿದಾಗಿನಿಂದ ಒಣ ಚರ್ಮ ಹೊತ್ತು, ವಿಜಯಪುರದ ಚಳಿಗಾಲದಲ್ಲಿ ಬೆಳೆದವಳು ನಾನು. ನನಗಷ್ಟು ಅರ್ಹತೆ ಇದೆ ಅಂದುಕೊಂಡು ಬರೀತಿದ್ದೀನಿ.

ಮೊದಲು ಪುರವಣಿಯ ಪಾಕಗಳು. ‘ಒಣ ತ್ವಚೆಗೆ ಮನೆಮದ್ದು’ ಅಂತ ತಲೆಬರಹ ಇರುತ್ತೆ. ಕೆಳಗೆ ಕಡಲೆಹಿಟ್ಟು, ಮೊಸರು, ಅರಿಶಿನ, ಜೇನು, ನಾಲ್ಕು ಹನಿ ನಿಂಬೆರಸ. ಮುಂದಿನ ವಾರ ‘ಎಣ್ಣೆ ತ್ವಚೆಗೆ ಮನೆಮದ್ದು’. ಅದರಲ್ಲೂ ಕಡಲೆಹಿಟ್ಟು, ಮೊಸರು, ಅರಿಶಿನ, ನಿಂಬೆರಸ. ಜೇನು ಮಾತ್ರ ಹೋಗಿ ಮುಲ್ತಾನಿ ಮಿಟ್ಟಿ ಬಂದಿರುತ್ತೆ. ಕೆಲವು ಸಲ ಅದೂ ಒಣ ತ್ವಚೆಯ ಪಟ್ಟಿಗೇ ಬಂದು ಕೂತಿರುತ್ತೆ. ಮುಲ್ತಾನಿ ಮಿಟ್ಟಿಯ ಕೆಲಸವೇ ಎಣ್ಣೆ ಹೀರೋದು. ಎಣ್ಣೆಯೇ ಇಲ್ಲದ ಚರ್ಮದಿಂದ ಅದು ಏನನ್ನ ಹೀರಬೇಕು? ಕಡಲೆಹಿಟ್ಟೂ ಹಾಗೇ. ಎಣ್ಣೆ ಹಚ್ಚಿ ಮೀಯುವಾಗ ಆ ಎಣ್ಣೆ ತೆಗೆಯೋಕೆ ಅಂತ ನಮ್ಮ ಅಜ್ಜಿಯರು ಇಟ್ಟುಕೊಂಡಿದ್ದ ಹಿಟ್ಟದು. ಅವರ ಕ್ರಮದಲ್ಲಿ ಮೊದಲು ಎಣ್ಣೆ ಇತ್ತು. ಪುರವಣಿಯವರು ಎಣ್ಣೆ ಬಿಟ್ಟು ಹಿಟ್ಟನ್ನಷ್ಟೇ ಉಳಿಸಿಕೊಂಡರು.

ನಿಂಬೆಯ ವಿಷಯಕ್ಕೆ ನನಗೆ ನಿಜಕ್ಕೂ ಸಿಟ್ಟಿದೆ. ನಿಂಬೆರಸದ ಪಿಎಚ್ ಸುಮಾರು 2. ಆರೋಗ್ಯವಾಗಿರೋ ಚರ್ಮದ ಮೇಲ್ಮೈ ಸುಮಾರು 5ರ ಆಸುಪಾಸು, ಅಂದರೆ ತುಸು ಹುಳಿ. ಈ ಅಳತೆಯಲ್ಲಿ ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಏರಿದ ಲೆಕ್ಕ. ಮೂರು ಅಂಕಿ ಇಳಿದರೆ ಸಾವಿರ ಪಟ್ಟು. ಬಿರುಕು ಬಿಟ್ಟ ಚರ್ಮದ ಮೇಲೆ ಅದನ್ನ ಸವರಿಕೊಳ್ಳಿ ಅಂತ ಅಚ್ಚು ಹಾಕುವವರು, ‘ಸ್ವಲ್ಪ ಚುರುಗುಟ್ಟಬಹುದು, ಗಾಬರಿಯಾಗಬೇಡಿ’ ಅಂತಲೂ ಸೇರಿಸ್ತಾರೆ. ಸೂಕ್ಷ್ಮ ಚರ್ಮ ಅಂದರೇನೇ ಅದು. 2017ರಲ್ಲಿ ನವೆಯ ಅಧ್ಯಯನ ಮಾಡುವ ಅಂತರರಾಷ್ಟ್ರೀಯ ತಜ್ಞರ ಗುಂಪೊಂದು ಕೊಟ್ಟ ವ್ಯಾಖ್ಯೆಯ ಸಾರ ಇಷ್ಟು: ಸಾಮಾನ್ಯವಾಗಿ ಏನೂ ಆಗಬಾರದ ಸಂಗತಿಗೂ ಚುಚ್ಚುವ, ಉರಿಯುವ, ನೋಯುವ, ನವೆಯಾಗುವ, ಜುಮುಗುಟ್ಟುವ ಅನುಭವ ಆಗೋದು. ಕೆಂಪಗಾಗಲೇಬೇಕು ಅಂತಿಲ್ಲ, ಹೊರಗೆ ಏನೂ ಕಾಣಿಸದೇ ಇರಬಹುದು. ಅಂದರೆ ಉರಿ ಅನ್ನೋದೇ ಇಲ್ಲಿ ಲಕ್ಷಣ. ಅದನ್ನ ‘ಕೆಲಸ ಮಾಡ್ತಿದೆ’ ಅನ್ನೋದರ ಗುರುತು ಅಂತ ಓದಿಸುವ ಬರವಣಿಗೆಯನ್ನ ಏನನ್ನಬೇಕು?

ಕನ್ನಡದಲ್ಲಿ ಇದಕ್ಕೆಲ್ಲ ಎಷ್ಟು ಪದಗಳಿವೆ ನೋಡಿ. ನವೆ, ತುರಿಕೆ, ಕಡಿತ, ಉರಿ, ಚುರುಚುರು, ಜುಮುಜುಮು, ಬಿಗಿತ. ಒಂದೊಂದೂ ಬೇರೆ ಬೇರೆ. ಸ್ನಾನ ಮಾಡಿ ಬಂದ ಹತ್ತು ನಿಮಿಷಕ್ಕೆ ಮುಖ ಬಿಗಿದುಕೊಳ್ಳೋದು ಬೇರೆ, ಉಣ್ಣೆ ಸ್ವೆಟರ್ ತಾಗಿ ಕಡಿಯೋದು ಬೇರೆ, ಕ್ರೀಂ ಹಚ್ಚಿದ ಕೂಡಲೇ ಉರಿಯೋದು ಬೇರೆ. ಡಾಕ್ಟರಿಗೆ ಇವು ಬೇರೆ ಬೇರೆ ಸುಳಿವುಗಳು. ಇಷ್ಟೆಲ್ಲ ಪದ ಕೈಲಿದ್ದೂ ನಮ್ಮ ಸೌಂದರ್ಯ ಪುಟಗಳು ‘ಶುಷ್ಕ ತ್ವಚೆ’ ‘ಕಾಂತಿಹೀನ ತ್ವಚೆ’ ಅನ್ನೋ ಎರಡೇ ಪದದಲ್ಲಿ ಸಂಸಾರ ಸಾಗಿಸ್ತಿವೆ. ಎರಡನೆಯದಂತೂ ರೋಗವೂ ಅಲ್ಲ, ಲಕ್ಷಣವೂ ಅಲ್ಲ. ಅಲ್ಲಿಂದ ಬಿಳುಪಿನ ಕಡೆಗೆ ಜಾರೋದು ಸುಲಭ ಅಂತ ಇಟ್ಟ ಜಾರುಬಂಡಿ. ಚಳಿಗಾಲದ ಕ್ರೀಂ ಅಂತ ಶುರುವಾದ ಜಾಹೀರಾತು ಮೂವತ್ತು ಸೆಕೆಂಡಿನಲ್ಲಿ ಹುಡುಗಿಯ ಬಣ್ಣ ಎರಡು ಮೆಟ್ಟಿಲು ತಿಳಿಯಾಗೋದರಲ್ಲಿ ಮುಗಿಯೋದನ್ನ ನೀವೂ ನೋಡಿರ್ತೀರಿ. 1975ರಿಂದ ಇದ್ದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯ್ತು. ಫೇರ್ ಹೋಗಿ ಗ್ಲೋ ಬಂದಮೇಲೆ ‘ಕಾಂತಿ’ ಅನ್ನೋ ಕನ್ನಡ ಪದಕ್ಕೆ ಇನ್ನಷ್ಟು ಕೆಲಸ ಬಿದ್ದಿದೆ.

ಈಗ ಸೋಪು. ಒಣ ಚರ್ಮದವರ ದಿನಚರಿಯ ನಿಜವಾದ ಮೊದಲ ಅಧ್ಯಾಯ ಇದು. ಇಲ್ಲಿ ನಮ್ಮ ಓದುಗರು ಬುದ್ಧಿವಂತರಾಗಿದ್ದಾರೆ, ಸೋಪಿನ ಹೊದಿಕೆ ತಿರುಗಿಸಿ ಟಿಎಫ್‌ಎಂ ಎಷ್ಟು ಅಂತ ನೋಡ್ತಾರೆ. ಸೋಪಿನಲ್ಲಿರೋ ಒಟ್ಟು ಕೊಬ್ಬಿನಂಶದ ಲೆಕ್ಕ ಅದು. ಭಾರತೀಯ ಮಾನಕದಲ್ಲಿ ಒಂದನೇ ದರ್ಜೆಯ ಟಾಯ್ಲೆಟ್ ಸೋಪಿಗೆ ಕನಿಷ್ಠ 76 ಪರ್ಸೆಂಟ್, ಎರಡನೇ ದರ್ಜೆಗೆ 70, ಮೂರಕ್ಕೆ 60. ಅದಕ್ಕೂ ಕೆಳಗಿರೋದು ‘ಬೇದಿಂಗ್ ಬಾರ್’ ಅನ್ನೋ ಹೆಸರಲ್ಲಿ ಬರುತ್ತೆ, ಅದಕ್ಕೆ 40 ಇದ್ದರೂ ಸಾಕು. ಇಲ್ಲೀವರೆಗೂ ಸರಿ. ಇದರ ಮುಂದಿನ ವಾಕ್ಯ ಎಲ್ಲ ಕಡೆ ಹೀಗಿರುತ್ತೆ: ‘ಆದ್ದರಿಂದ ಟಿಎಫ್‌ಎಂ ಹೆಚ್ಚಿರುವ ಸೋಪು ಒಣ ತ್ವಚೆಗೆ ಉತ್ತಮ.’

ಆ ‘ಆದ್ದರಿಂದ’ ನಿಲ್ಲಲ್ಲ. ಟಿಎಫ್‌ಎಂ ಹೇಳೋದು ಸೋಪಿನಲ್ಲಿ ಎಷ್ಟು ಭಾಗ ನಿಜವಾಗಿ ಸೋಪು, ಎಷ್ಟು ಭಾಗ ಸುಣ್ಣಬಣ್ಣ ಅನ್ನೋದನ್ನ. ಆ ಕೊಬ್ಬು ಕೊಬ್ಬಾಗಿ ಉಳಿದಿಲ್ಲ, ಕ್ಷಾರದ ಜತೆ ಸೇರಿ ಸೋಪಾಗಿದೆ. ಕೊಟ್ಟ ಕಾಸಿಗೆ ಮೋಸ ಆಗಿಲ್ಲ ಅಂತ ತಿಳಿಯೋಕೆ ಅದು ಒಳ್ಳೆ ಅಳತೆ. ಚರ್ಮಕ್ಕೆ ಮೃದುವೋ ಅನ್ನೋದಕ್ಕೆ ಅಲ್ಲ. ಅಪ್ಪಟ ಸೋಪಿನ ಪಿಎಚ್ 9ರಿಂದ 10 ಇರುತ್ತೆ, ಅದರ ದರ್ಜೆ ಒಂದಾಗಲಿ ಮೂರಾಗಲಿ. ಮೈಮೇಲಿನ ತುಸು ಹುಳಿಯನ್ನ ಅದು ಕ್ಷಾರದ ಕಡೆಗೆ ಎಳೆಯುತ್ತೆ, ಜತೆಗೆ ಚರ್ಮದ ಸ್ವಂತ ಜಿಡ್ಡನ್ನೂ ಒಯ್ಯುತ್ತೆ. ಇನ್ನೊಂದು ಮಾತು: ತೆಂಗಿನೆಣ್ಣೆಯಿಂದ ಬರುವ ಸೋಪಿನ ಭಾಗ ನೊರೆ ಚೆನ್ನಾಗಿ ಕೊಡುತ್ತೆ, ಚರ್ಮವನ್ನ ಕೆರಳಿಸೋದರಲ್ಲೂ ಅದೇ ಮುಂದು. ಹಾಗಾಗಿ ‘ಶುದ್ಧ ತೆಂಗಿನೆಣ್ಣೆ ಸೋಪು’ ಅಂದ ತಕ್ಷಣ ತೆಂಗಿನೆಣ್ಣೆಯ ಗುಣವೆಲ್ಲ ಅದರಲ್ಲಿದೆ ಅಂತ ತಿಳಿಯಬೇಕಿಲ್ಲ. ಎಣ್ಣೆ ಬೇರೆ, ಎಣ್ಣೆಯಿಂದ ಮಾಡಿದ ಸೋಪು ಬೇರೆ.

ಸೋಪಿನ ರೂಪದಲ್ಲಿದ್ದೂ ಪೂರ್ತಿ ಸೋಪಲ್ಲದ ಬಾರುಗಳಿವೆ. 1957ರಲ್ಲಿ ಅಮೆರಿಕದಲ್ಲಿ ಬಂದ ಡವ್ ಅಂಥದ್ದು. ಅದು ತನ್ನನ್ನ ಸೋಪು ಅಂತ ಕರ್ಕೊಳ್ಳೋದೇ ಇಲ್ಲ. ಇವುಗಳಲ್ಲಿ ತೊಳೆಯುವ ಕೆಲಸ ಬೇರೆ ರಾಸಾಯನಿಕದ್ದು, ಪಿಎಚ್ ಚರ್ಮಕ್ಕೆ ಹತ್ತಿರ. ಟಿಎಫ್‌ಎಂ ಲೆಕ್ಕದಲ್ಲಿ ನೋಡಿದರೆ ಇಂಥ ಬಾರುಗಳು ಹಿಂದೆ ಬೀಳಬಹುದು, ಒಣ ಚರ್ಮದ ಮಟ್ಟಿಗೆ ಮುಂದಿರಬಹುದು. ಹಾಗಂತ ನಾನು ಒಂದು ಬ್ರಾಂಡಿನ ಪರ ವಕಾಲತ್ತು ಮಾಡ್ತಿಲ್ಲ, ಅದರಲ್ಲೂ ಸುಗಂಧ ಇದೆ. ನಮ್ಮ ಹೆಮ್ಮೆಯ ಮೈಸೂರು ಸ್ಯಾಂಡಲ್ ಬಗ್ಗೆ ಕೇಳ್ತೀರಿ ಅಂತ ಗೊತ್ತು. ಮೊದಲ ಮಹಾಯುದ್ಧದಿಂದ ಗಂಧದ ಮರ ಯುರೋಪಿಗೆ ಹೋಗೋದು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ವಿಶ್ವೇಶ್ವರಯ್ಯನವರ ಕಾಲದಲ್ಲಿ ಶುರುವಾದ ಉದ್ಯಮದ ಕೂಸು ಅದು. ಆ ಚರಿತ್ರೆಗೆ ಕೈಮುಗೀತೀನಿ. ನೆಂಟರ ಮನೆಯ ಬಚ್ಚಲಲ್ಲಿ ಆ ವಾಸನೆ ಬಂದರೆ ಇವತ್ತೂ ಮನಸ್ಸು ಅರಳುತ್ತೆ. ಆದರೆ ಅದು ಸೋಪು, ಗಂಧದೆಣ್ಣೆಯೇ ಅದರ ಜೀವ. ಜನವರಿಯಲ್ಲಿ ನನ್ನ ಮೊಣಕಾಲಿಗೆ ಅದು ಆಗಿಬರಲ್ಲ. ಸಂಸ್ಥೆಯ ಮೇಲಿನ ಅಭಿಮಾನವನ್ನ ಮೊಣಕಾಲಿನ ಮೇಲೆ ತೀರಿಸಬೇಕಾಗಿಲ್ಲ.

ಇನ್ನು ನೀರು. ದಿನಚರಿಗಳಲ್ಲಿ ನೀರಿನ ಮಾತೇ ಬರಲ್ಲ, ಬಂದರೂ ‘ದಿನಕ್ಕೆ ಎಂಟು ಲೋಟ ಕುಡಿಯಿರಿ’ ಅಂತ. ಕುಡಿದ ನೀರು ಮೊಣಕಾಲಿನ ಬಿರುಕಿಗೆ ನೇರವಾಗಿ ಬಂದು ತುಂಬಿಕೊಳ್ಳಲ್ಲ. ಹಂಡೆಯಲ್ಲಿ ಕುದಿಸಿದ ನೀರನ್ನ ಹಬೆಯಾಡುವಾಗಲೇ ಹುಯ್ಕೊಳ್ಳೋದು ಅದನ್ನ ಕೆಡಿಸೋದು ಮಾತ್ರ ಖಂಡಿತ. ಬೋರ್‌ವೆಲ್ಲಿನ ಗಡಸು ನೀರಲ್ಲಿ ಸೋಪು ನೊರೆ ಕೊಡದೆ ಮೈಮೇಲೆ ಪಸೆಯಾಗಿ ಕೂರುತ್ತೆ, ಬೆಂಗಳೂರಿನ ಅಪಾರ್ಟ್‌ಮೆಂಟಿನವರಿಗೆ ಇದನ್ನ ವಿವರಿಸಬೇಕಾಗಿಲ್ಲ. ಹಾಗಂತ ಸಾವಿರಾರು ರೂಪಾಯಿಯ ಸಾಫ್ಟ್‌ನರ್ ಹಾಕಿಸಿದರೆ ಎಕ್ಸಿಮಾ ಹೋಗುತ್ತೆ ಅನ್ನೋ ಮಾರಾಟದ ಮಾತೂ ನಿಲ್ಲಲ್ಲ. ಇಂಗ್ಲೆಂಡಿನಲ್ಲಿ ಎಕ್ಸಿಮಾ ಇದ್ದ ಮಕ್ಕಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಂಥ ಯಂತ್ರದಿಂದ ಹೆಚ್ಚಿನ ಲಾಭ ಕಾಣಲಿಲ್ಲ.

ಡಬ್ಬಿಯ ಮುಂಭಾಗದ ಸಾಹಿತ್ಯಕ್ಕೆ ಬರೋಣ. ‘ಹೈಪೋಅಲರ್ಜೆನಿಕ್’. ಎಷ್ಟು ಗಂಭೀರವಾದ ಪದ! ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1975ರಲ್ಲಿ, ಈ ಪದ ಬಳಸಬೇಕಾದರೆ ಪರೀಕ್ಷೆ ಮಾಡಿ ತೋರಿಸಬೇಕು ಅಂತ ನಿಯಮ ತಂತು. ಎರಡು ಸೌಂದರ್ಯವರ್ಧಕ ಕಂಪನಿಗಳು ಕೋರ್ಟಿಗೆ ಹೋದವು. 1977ರಲ್ಲಿ ನಿಯಮ ಬಿದ್ದುಹೋಯ್ತು. ಅವತ್ತಿನಿಂದ ಅಲ್ಲಿ ಆ ಪದಕ್ಕೆ ಕಾನೂನಿನ ಅರ್ಥ ಇಲ್ಲ, ಕಂಪನಿ ಏನಂದುಕೊಳ್ಳುತ್ತೋ ಅದೇ ಅರ್ಥ. ಅದೇ ಪದ ನಮ್ಮ ಊರಿನ ಅಂಗಡಿಯ ಶೆಲ್ಫಿನ ಮೇಲೂ ಕೂತು ಸಮಾಧಾನ ಹೇಳ್ತಿದೆ. ‘ಡರ್ಮಟಾಲಜಿಸ್ಟ್ ಟೆಸ್ಟೆಡ್’ ಅನ್ನೋದರಲ್ಲಿ ಟೆಸ್ಟಿನ ಫಲಿತಾಂಶ ಏನು ಬಂತು ಅನ್ನೋದು ಇಲ್ಲ. ‘ಅನ್‌ಸೆಂಟೆಡ್’ ಅಂದರೆ ವಾಸನೆ ಬರಲ್ಲ ಅಂತ ಮಾತ್ರ. ಇನ್ನೊಂದು ವಾಸನೆಯನ್ನ ಮುಚ್ಚೋಕೆ ಸುಗಂಧ ಹಾಕಿರಲೂಬಹುದು. ‘ಫ್ರೇಗ್ರೆನ್ಸ್ ಫ್ರೀ’ ಅಂದರೆ ಸುಗಂಧ ಹಾಕಿಲ್ಲ ಅಂತ. ಸೂಕ್ಷ್ಮ ಚರ್ಮದವರು ಹುಡುಕಬೇಕಾದ್ದು ಈ ಎರಡನೇದನ್ನ, ಯಾಕಂದರೆ ಕ್ರೀಮು ಸೋಪುಗಳಿಂದ ಆಗುವ ಅಲರ್ಜಿಯಲ್ಲಿ ಸುಗಂಧದ್ದೇ ದೊಡ್ಡ ಪಾಲು. ಅದು ಗುಲಾಬಿಯಿಂದ ತೆಗೆದದ್ದಾಗಲಿ, ಲ್ಯಾಬಿನಲ್ಲಿ ಮಾಡಿದ್ದಾಗಲಿ.

‘ಕೆಮಿಕಲ್ ಇಲ್ಲ’ ಅನ್ನೋದರ ಬಗ್ಗೆ ಏನೂ ಹೇಳಲ್ಲ, ನೀರೂ ಕೆಮಿಕಲ್ಲೇ. ಆದರೆ ‘ಪ್ಯಾರಬೆನ್ ಇಲ್ಲ’ ಅನ್ನೋದರ ಕಥೆ ಹೇಳಬೇಕು. ಕ್ರೀಂ ಕೆಡದೇ ಇರೋಕೆ ಹಾಕುವ ವಸ್ತು ಪ್ಯಾರಬೆನ್. ಅದರ ಮೇಲೆ ಗುಲ್ಲೆದ್ದ ಮೇಲೆ ಹಲವು ಕಂಪನಿಗಳು ಅದನ್ನ ಬಿಟ್ಟು ಮೀಥೈಲ್‌ಐಸೋಥಯಜೋಲಿನೋನ್ ಅನ್ನೋದನ್ನ ತಂದವು. ಎಷ್ಟು ಜನಕ್ಕೆ ಅದರಿಂದ ಅಲರ್ಜಿ ಆಯ್ತು ಅಂದರೆ, ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ 2013ರಲ್ಲಿ ಅದನ್ನ ‘ವರ್ಷದ ಅಲರ್ಜನ್’ ಅಂತ ಹೆಸರಿಸಿತು. ಹಚ್ಚಿ ಹಾಗೇ ಬಿಡುವ ಕ್ರೀಮುಗಳಲ್ಲಿ ಯುರೋಪ್ ಅದನ್ನ ನಿಷೇಧಿಸಿತು. ಅದೇ ಸೊಸೈಟಿ 2019ರಲ್ಲಿ ಪ್ಯಾರಬೆನ್‌ಗೆ ‘ವರ್ಷದ ಅಲರ್ಜನ್ ಅಲ್ಲದ್ದು’ ಅಂತ ಬಿರುದು ಕೊಟ್ಟಿತು! ಡಬ್ಬಿಯ ಮುಂದೆ ‘ಇಲ್ಲ’ ಅಂತ ಬರೆದಿದ್ದರೆ, ಹಾಗಾದರೆ ಏನಿದೆ ಅಂತ ಹಿಂದೆ ತಿರುಗಿಸಿ ನೋಡೋದು ಒಳ್ಳೇದು. ನಮ್ಮ ನಿಯಮದ ಪ್ರಕಾರವೂ ಒಂದು ಪರ್ಸೆಂಟಿಗಿಂತ ಹೆಚ್ಚಿರೋ ಸಾಮಾನುಗಳನ್ನ ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಬಾದಾಮಿಯ ಚಿತ್ರ ಮುಂದೆ ದೊಡ್ಡದಾಗಿದ್ದು, ಬಾದಾಮಿ ಎಣ್ಣೆ ಪಟ್ಟಿಯ ಬಾಲದಲ್ಲಿ ಸುಗಂಧದ ಪಕ್ಕ ಕೂತಿದ್ದರೆ, ಆ ಚಿತ್ರಕ್ಕೆ ಎಷ್ಟು ಬೆಲೆ ಕೊಡಬೇಕು ಅಂತ ನೀವೇ ಲೆಕ್ಕ ಹಾಕಿ.

ವಿಡಿಯೋ ದಿನಚರಿಗಳದು ಇನ್ನೊಂದು ದಾರಿ. ಕೊರಿಯಾದಿಂದ ಬಂದ ‘ಹತ್ತು ಹಂತ’ ಕಳೆದ ದಶಕದಲ್ಲಿ ಅಮೆರಿಕ ಸುತ್ತಿ ನಮ್ಮಲ್ಲಿಗೂ ಬಂತು. ಎಣ್ಣೆಯಿಂದ ತೊಳಿ, ನೊರೆಯಿಂದ ತೊಳಿ, ಉಜ್ಜು, ಟೋನರ್, ಎಸೆನ್ಸ್, ಸೀರಮ್, ಶೀಟ್ ಮಾಸ್ಕ್, ಕಣ್ಣಿನ ಕ್ರೀಂ, ಮುಖದ ಕ್ರೀಂ, ಸನ್‌ಸ್ಕ್ರೀನ್. ನೋಡೋಕೆ ನಿಜಕ್ಕೂ ಚೆಂದ. ಆ ಸಣ್ಣ ಬಾಟಲಿಗಳು, ಆ ಶಿಸ್ತು, ಬೆಳಗಿನ ಬೆಳಕು. ನನಗೂ ನೋಡ್ತಾ ಕೂರೋದು ಇಷ್ಟ. ಆದರೆ ಸೂಕ್ಷ್ಮ ಚರ್ಮದವರಿಗೆ ಹತ್ತು ಬಾಟಲಿ ಅಂದರೆ, ಒಂದೊಂದರಲ್ಲಿ ಇಪ್ಪತ್ತು ಸಾಮಾನಿದ್ದರೂ, ಇನ್ನೂರು ಅನುಮಾನಿತರು. ಉರಿ ಬಂದರೆ ಯಾರನ್ನ ಹಿಡಿಯೋದು? ಅದರಲ್ಲೂ ಎರಡು ಸಲ ತೊಳೆದು, ಒಂದು ಸಲ ಉಜ್ಜಿ, ತೆಗೆದದ್ದನ್ನೇ ಮತ್ತೆ ಐದು ಬಾಟಲಿಯಿಂದ ತುಂಬೋದು ನನಗೆ ತೂತು ಬಿಂದಿಗೆಯ ವ್ಯವಹಾರ ಅನ್ಸುತ್ತೆ. ಇದನ್ನ ಕೆಲವರು ನಮ್ಮ ‘ದಿನಚರ್ಯೆ’ಯೇ ಅಂತಲೂ ಮಾರ್ತಿದ್ದಾರೆ. ವಾಗ್ಭಟನ ಅಷ್ಟಾಂಗಹೃದಯದಲ್ಲಿ ದಿನಚರ್ಯೆ ಅಂತ ಒಂದು ಅಧ್ಯಾಯವೇ ಇದೆ, ನಿಜ. ಅಲ್ಲಿ ದಿನಾ ಎಣ್ಣೆ ಹಚ್ಚಿಕೊಳ್ಳಿ ಅಂತಿದೆ. ತಲೆಗೆ, ಕಿವಿಗೆ, ಪಾದಕ್ಕೆ ಮರೆಯದೇ ಹಚ್ಚಿ ಅಂತಿದೆ. ಪಾದ! ಇವತ್ತಿನ ಯಾವ ದಿನಚರಿಯಲ್ಲಿ ಪಾದ ಇದೆ ಹೇಳಿ. ಈ ಪ್ರಕಾರದಲ್ಲಿ ಮೈ ಅನ್ನೋದು ಗದ್ದದ ಹತ್ತಿರ ಮುಗಿದುಹೋಗುತ್ತೆ.

ಎಣ್ಣೆ ಅಂದಾಗಲೂ ಯಾವ ಎಣ್ಣೆ ಅನ್ನೋ ಪ್ರಶ್ನೆ ಇದೆ. ಚರ್ಮದ ಹೊರಪದರವನ್ನ ಇಟ್ಟಿಗೆ ಗೋಡೆಗೆ ಹೋಲಿಸ್ತಾರೆ. ಸತ್ತ ಜೀವಕೋಶಗಳು ಇಟ್ಟಿಗೆ, ನಡುವೆ ಸೆರಮೈಡ್, ಕೊಲೆಸ್ಟ್ರಾಲ್, ಕೊಬ್ಬಿನ ಆಮ್ಲಗಳ ಗಾರೆ. ಗಾರೆ ಉದುರಿದರೆ ಒಳಗಿನ ನೀರು ಹಾರುತ್ತೆ, ಹೊರಗಿನ ಕೆರಳಿಸುವ ವಸ್ತು ಒಳಗೆ ನುಗ್ಗುತ್ತೆ. ಒಣಗೋದು, ಉರಿಯೋದು ಎರಡೂ ಜೋಡಿಯಾಗಿ ಬರೋದು ಹೀಗೆ. ಕೆಲವರಿಗೆ ಈ ದೋಷ ಹುಟ್ಟಿನಿಂದಲೇ ಇರುತ್ತೆ. ಫಿಲಾಗ್ರಿನ್ ಅನ್ನೋ ಪ್ರೋಟೀನಿನ ಜೀನಿಗೂ ಎಕ್ಸಿಮಾಕ್ಕೂ ಇರುವ ನಂಟು 2006ರಲ್ಲಿ ಗೊತ್ತಾಯ್ತು. ತೆಂಗಿನೆಣ್ಣೆ ಒಣ ಚರ್ಮಕ್ಕೆ ಮಿನರಲ್ ಆಯಿಲಿನಷ್ಟೇ ಕೆಲಸ ಮಾಡಿತು ಅಂತ 2004ರಲ್ಲಿ ಫಿಲಿಪ್ಪೀನ್ಸಿನಲ್ಲಿ 34 ಜನರ ಮೇಲೆ ಮಾಡಿದ ಪ್ರಯೋಗ ಹೇಳಿತು. ಸೂರ್ಯಕಾಂತಿ ಎಣ್ಣೆಯ ಬಗ್ಗೆಯೂ ಒಳ್ಳೇ ವರದಿಗಳಿವೆ. ದುಬಾರಿ ಆಲಿವ್ ಎಣ್ಣೆ ಮಾತ್ರ, 2013ರ ಒಂದು ಸಣ್ಣ ಅಧ್ಯಯನದಲ್ಲಿ, ಗಾರೆಯನ್ನ ಸಡಿಲ ಮಾಡಿತು. ಹೊರದೇಶದ್ದು, ಗಾಜಿನ ಬಾಟಲಿಯದು ಅಂತ ಮಗುವಿನ ಮೈಗೆ ಅದನ್ನೇ ಉಜ್ಜುವವರು ಇದನ್ನ ಗಮನಿಸಬೇಕು. ಎಲ್ಲಕ್ಕಿಂತ ಬಡಪಾಯಿ ವ್ಯಾಸಲೀನ್. ಚೀಸ್‌ಬ್ರೋ ಅನ್ನುವಾತ 1872ರಲ್ಲಿ ಪೇಟೆಂಟ್ ಪಡೆದ ಪೆಟ್ರೋಲಿಯಂ ಜೆಲ್ಲಿ. ಬಣ್ಣ ಇಲ್ಲ, ವಾಸನೆ ಇಲ್ಲ, ಕಥೆ ಇಲ್ಲ. ನೀರು ಹಾರದ ಹಾಗೆ ತಡೆಯೋದರಲ್ಲಿ ಅದನ್ನ ಮೀರಿಸಿದ್ದು ಬಹಳ ಕಮ್ಮಿ. ಜಿಡ್ಡು ಜಿಡ್ಡು, ಹೌದು. ಆದರೆ ಅದರ ಬಗ್ಗೆ ವಿಡಿಯೋ ಮಾಡಿದರೆ ಎರಡನೇ ಬಾಟಲಿ ಮಾರೋಕೆ ಆಗಲ್ಲ.

ಈ ಪ್ರಕಾರ ಮುಚ್ಚಿಡುವ ಇನ್ನೊಂದು ಸಂಗತಿ ಪ್ರಮಾಣ. ‘ಬಟಾಣಿ ಗಾತ್ರದಷ್ಟು ತೆಗೆದುಕೊಂಡು’ ಅಂತಾರೆ. ದೊಡ್ಡವರೊಬ್ಬರ ಬೆರಳಿನ ಕೊನೆಯ ಗೆಣ್ಣಿನಷ್ಟುದ್ದ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಅದು ಎರಡು ಅಂಗೈಯಗಲದ ಜಾಗಕ್ಕೆ ಸಾಕು. ಈ ಲೆಕ್ಕದಲ್ಲಿ ಇಡೀ ಮೈಗೆ ಒಂದು ಸಲಕ್ಕೆ 20 ಗ್ರಾಂ ದಾಟುತ್ತೆ. ಅಂದರೆ 50 ಗ್ರಾಮಿನ ಚೆಂದದ ಗಾಜಿನ ಡಬ್ಬಿ ಎರಡೇ ಸಲಕ್ಕೆ ತಳ ಕಾಣುತ್ತೆ. ಎಕ್ಸಿಮಾ ಇರುವ ಮಕ್ಕಳಿಗೆ ವಾರಕ್ಕೆ 250ರಿಂದ 500 ಗ್ರಾಂ ಬೇಕಾಗಬಹುದು ಅಂತ ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿ ಹೇಳುತ್ತೆ. ಮಾಮೂಲಿ ಒಣ ಚರ್ಮಕ್ಕೆ ಅಷ್ಟು ಬೇಡ, ಒಪ್ಪಿದೆ. ಆದರೂ ಡಬ್ಬಿಯ ಗಾತ್ರವನ್ನ ನಿರ್ಧರಿಸಿದವರು ಮೈಯನ್ನ ಅಳೆದಿಲ್ಲ, ಶೆಲ್ಫನ್ನ ಅಳೆದಿದ್ದಾರೆ. ಹೆಣ್ಣುಮಕ್ಕಳು ಐನೂರು ರೂಪಾಯಿಯ ಡಬ್ಬಿಯನ್ನ ಚಳಿಗಾಲವಿಡೀ ಬರಲಿ ಅಂತ ಉಗುರಲ್ಲಿ ಕೆರೆದು ಹಚ್ಚಿ, ‘ನನ್ನ ಸ್ಕಿನ್ನಿಗೆ ಏನೂ ಆಗಿಬರಲ್ಲ’ ಅಂತಾರೆ. ಅದೇ ದುಡ್ಡಿಗೆ ಗ್ಲಿಸರಿನ್, ಪ್ಯಾರಾಫಿನ್ ಇರೋ, ಸುಗಂಧ ಇಲ್ಲದ, ಯಾವ ಚಿತ್ರವೂ ಇಲ್ಲದ ದೊಡ್ಡ ಬಾಟಲಿ ತಂದು ಧಾರಾಳವಾಗಿ ಹಚ್ಚಿದರೆ ಹೆಚ್ಚು ಉಪಯೋಗ.

‘ಏನೂ ಆಗಿಬರಲ್ಲ’ ಅನ್ನೋ ಹಂತಕ್ಕೆ ಬಂದವರು ಮುಂದೆ ಎಲ್ಲಿಗೆ ಹೋಗ್ತಾರೆ ಅನ್ನೋದೇ ನನಗೆ ಈ ಬರಹ ಬರೆಸಿದ್ದು. ಕಳೆದ ವರ್ಷ ಊರಿಗೆ ಹೋದಾಗ ವೈನಿಯ ಕೆನ್ನೆ ನೋಡಿ ಬೆಚ್ಚಿದೆ. ಕೆಂಪಗೆ, ತೆಳ್ಳಗೆ, ಸಣ್ಣ ರಕ್ತನಾಳಗಳು ಎದ್ದು ಕಾಣುವ ಹಾಗೆ. ‘ವೈನಿ, ಏನ್ ಹಚ್ಚಾಕತ್ತೀರಿ ಮಾರಿಗೆ?’ ಅಂದೆ. ‘ಮೆಡಿಕಲ್ ಅಂಗಡ್ಯಾಗ ಕೇಳಿ ತಗೊಂಡೀನಿ. ಮಾರಿ ಒಡದು ಉರೀತಿತ್ತು. ಇದನ್ನ ಹಚ್ಚಿದ್ರ ಒಂದ ದಿನದಾಗ ಆರಾಮ ಅನಸ್ತದ. ಬಿಟ್ರ ಮತ್ತ ಹೆಚ್ಚಾಗ್ತದ’ ಅಂದ್ರು. ಟ್ಯೂಬ್ ತಿರುಗಿಸಿ ನೋಡಿದರೆ ಸ್ಟೆರಾಯ್ಡ್, ಜತೆಗೆ ಫಂಗಸ್ಸಿನ ಔಷಧ, ಜತೆಗೆ ಆಂಟಿಬಯೋಟಿಕ್. ಒಂದೂವರೆ ವರ್ಷದಿಂದ ಹಚ್ತಿದ್ರು. ಅದಕ್ಕೆ ಮುಂಚೆ ಏನು ಹಚ್ತಿದ್ರಿ ಅಂದರೆ, ನಿಂಬೆರಸ ಮತ್ತು ಕಡಲೆಹಿಟ್ಟು.

ಇದು ನಮ್ಮ ಮನೆಯೊಂದರ ಕಥೆಯಲ್ಲ. ದೇಶದ ಹಲವು ಆಸ್ಪತ್ರೆಗಳಲ್ಲಿ ಮುಖದ ತೊಂದರೆ ಅಂತ ಬಂದ 2926 ಜನರನ್ನ ಪರೀಕ್ಷಿಸಿ 2011ರಲ್ಲಿ ಚರ್ಮತಜ್ಞರು ಪ್ರಕಟಿಸಿದ ಅಧ್ಯಯನದಲ್ಲಿ 433 ಮಂದಿ ಮುಖಕ್ಕೆ ಸ್ಟೆರಾಯ್ಡ್ ಹಚ್ಚುತ್ತಿದ್ದರು. ಎಷ್ಟೋ ಜನಕ್ಕೆ ಅದು ಬಿಳುಪಿನ ಕ್ರೀಂ, ಅಥವಾ ಬರೀ ಮಾಮೂಲಿ ಕ್ರೀಂ. 2018ರಲ್ಲಿ ಸರ್ಕಾರ ಇಂಥ ಹಲವು ಸ್ಟೆರಾಯ್ಡ್ ಮುಲಾಮುಗಳನ್ನ ಚೀಟಿ ಇಲ್ಲದೆ ಮಾರಬಾರದು ಅಂತ ನಿಯಮ ತಂತು. ನಿಯಮ ಇದೆ, ಟ್ಯೂಬೂ ಸಿಗುತ್ತೆ. ಸ್ಟೆರಾಯ್ಡ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಎಕ್ಸಿಮಾ ಕೆರಳಿದಾಗ ಡಾಕ್ಟರ್ ಹೇಳಿದ ದಿನದಷ್ಟು, ಹೇಳಿದ ಜಾಗಕ್ಕೆ ಹಚ್ಚಿದರೆ ಅದರಷ್ಟು ಉಪಕಾರಿ ಇಲ್ಲ, ಹೆದರಿ ಬಿಡೋದೂ ತಪ್ಪೇ. ಆದರೆ ಅದನ್ನ ದಿನಾ ಮುಖಕ್ಕೆ ಹಚ್ಚೋ ಕ್ರೀಂ ಮಾಡಿಕೊಂಡರೆ ಚರ್ಮ ತೆಳುವಾಗುತ್ತೆ, ನಿಲ್ಲಿಸಿದಾಗ ಉರಿ ದುಪ್ಪಟ್ಟಾಗುತ್ತೆ. ನಿಲ್ಲಿಸೋದನ್ನೂ ಡಾಕ್ಟರ ಕೈಯಲ್ಲೇ ಮಾಡಬೇಕು. ವೈನಿ ಈಗ ತಿಂಗಳಿಗೊಮ್ಮೆ ಚರ್ಮದ ಡಾಕ್ಟರ ಹತ್ತಿರ ಹೋಗ್ತಾರೆ, ಬಸ್ಸಿನಲ್ಲಿ ಒಂದೂವರೆ ಗಂಟೆ.

ದಿನಚರಿ ಬರೆಯುವವರ ಮೇಲೆ ನನ್ನ ತಕರಾರು ಇಷ್ಟೇ ಅಲ್ಲ. ಅವರು ಯಾರಿಗೆ ಬರೀತಾರೆ? ಇಪ್ಪತ್ತು ನಿಮಿಷ ಕನ್ನಡಿ ಮುಂದೆ ನಿಲ್ಲೋಕೆ ಪುರುಸೊತ್ತಿರೋ ಮುಖಕ್ಕೆ. ನಮ್ಮ ಮನೆಗಳಲ್ಲಿ ಎಲ್ಲಕ್ಕಿಂತ ಒಣಗಿ ಒಡೆದಿರೋದು ಕೈ. ಪಾತ್ರೆಯ ಸೋಪು, ಬಟ್ಟೆಯ ಪುಡಿ, ನೆಲ ಒರೆಸುವ ಫಿನಾಯಿಲ್, ಮತ್ತೆ ಹೋಗಿ ಹುಣಸೆಹಣ್ಣು ಕಿವುಚೋದು, ಮೆಣಸಿನಕಾಯಿ ತೊಟ್ಟು ಮುರಿಯೋದು. ನಾಲ್ಕು ಮನೆಯ ಪಾತ್ರೆ ತೊಳೆಯುವ ಹೆಂಗಸಿನ ಬೆರಳುಗಳ ಸಂದಿ ನೋಡಿದ್ದೀರಾ? ಅದರ ಬಗ್ಗೆ ಒಂದು ಪುರವಣಿಯ ಪುಟ ಬಂದದ್ದು ನನಗೆ ನೆನಪಿಲ್ಲ. ಕೈಗೆ ಬೇಕಾದ್ದು ಸೀರಮ್ ಅಲ್ಲ. ಪಾತ್ರೆ ತೊಳೆಯುವಾಗ ಹತ್ತಿಯ ಒಳಪದರ ಇರುವ ರಬ್ಬರ್ ಗ್ಲೌಸು, ತೊಳೆದ ಮೇಲೆ ಒರೆಸಿಕೊಂಡು ಒಂದಿಷ್ಟು ಮುಲಾಮು, ರಾತ್ರಿ ಮಲಗುವಾಗ ಇನ್ನೊಂದಿಷ್ಟು.

ಪುರವಣಿಯ ಸಂಪಾದಕರು ಯಾರಾದರೂ ಓದ್ತಿದ್ದರೆ, ಒಣ ಚರ್ಮದವರ ದಿನಚರಿಗೆ ಅರ್ಧ ಪುಟ ಸಾಕು. ಉಗುರು ಬೆಚ್ಚಗಿನ ನೀರಲ್ಲಿ ಐದು ಹತ್ತು ನಿಮಿಷದ ಸ್ನಾನ. ಕಂಕುಳು, ತೊಡೆಸಂದಿ, ಪಾದ ಇಂಥ ಕಡೆ ಮಾತ್ರ ಸೋಪು, ಅದೂ ಸುಗಂಧ ಇಲ್ಲದ ಮೃದುವಾದದ್ದು. ಉಳಿದ ಮೈಗೆ ನೀರೇ ಸಾಕು. ಟವೆಲ್ಲಿನಿಂದ ಉಜ್ಜದೆ ಒತ್ತಿ ಒರೆಸೋದು. ಮೈ ಇನ್ನೂ ಹಸಿಯಾಗಿರುವಾಗಲೇ, ಮೂರು ನಿಮಿಷದೊಳಗೆ, ಮುಖಕ್ಕೆ ಮಾತ್ರವಲ್ಲ, ಮೊಣಕಾಲಿಗೂ ಪಾದಕ್ಕೂ ಮಾಯಿಶ್ಚರೈಸರ್. ಬಿಸಿಲಿಗೆ ಹೋಗುವವರು ಸನ್‌ಸ್ಕ್ರೀನ್. ಉರಿ ಬರುವವರು ಜಿಂಕ್ ಆಕ್ಸೈಡ್ ಇರೋದನ್ನ ನೋಡಬಹುದು. ಹೊಸದೇನೇ ತಂದರೂ ಒಂದು ಸಲಕ್ಕೆ ಒಂದೇ. ಮೊಣಕೈ ಒಳಮಡಿಕೆಯಲ್ಲಿ ಒಂದು ವಾರ ದಿನಕ್ಕೆರಡು ಸಲ ಹಚ್ಚಿ ನೋಡಿ, ಆಮೇಲೆ ಮುಖಕ್ಕೆ. ನೀರು ಜಿನುಗಿದರೆ, ನಿದ್ದೆಗೆಡಿಸುವಷ್ಟು ನವೆಯಿದ್ದರೆ, ಎರಡು ಮೂರು ವಾರಕ್ಕೂ ಕಮ್ಮಿಯಾಗದಿದ್ದರೆ ಡಾಕ್ಟರು. ಮೆಡಿಕಲ್ ಅಂಗಡಿಯ ಹುಡುಗನಲ್ಲ.

ಉಳಿದರ್ಧ ಪುಟಕ್ಕೆ ಗ್ಲೌಸಿನ ಜಾಹೀರಾತು ಹಾಕಿ. ಕೊಳ್ಳುವವರು ಎರಡು ಜೊತೆ ಕೊಳ್ಳಲಿ, ಒಂದು ತಮಗೆ, ಇನ್ನೊಂದು ಪಾತ್ರೆ ತೊಳೆಯೋಕೆ ಬರುವವರಿಗೆ. ಅವರ ಕೈಯಳತೆ ಕೇಳಿ ತನ್ನಿ, ಸಾಮಾನ್ಯವಾಗಿ ಅಂಗಡಿಯವರು ಕೊಡೋದು ದೊಡ್ಡ ಸೈಜು, ತಟ್ಟೆ ಜಾರುತ್ತೆ ಅಂತ ಎರಡೇ ದಿನಕ್ಕೆ ಬಿಚ್ಚಿ ಇಟ್ಟುಬಿಡ್ತಾರೆ.